ಪೆಟ್ಟಿಗೆಯ ತಳದ ತಾಮ್ರದ ಕಾಸು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಹಳೆಯ ಮನೆಗಳಲ್ಲಿ ಅಜ್ಜಿಯ ಎಲೆಯಡಕೆ ಪೆಟ್ಟಿಗೆಯನ್ನು ತಡಕಿದರೆ ಒಂದೆರಡು ತಾಮ್ರದ ಕಾಸುಗಳು ಸಿಗುವುದುಂಟು. ಕೇಳಿದರೆ "ಟಿಪ್ಪೂ ಕಾಲದ ದುಡ್ಡು" ಎನ್ನುತ್ತಾರೆ. ಎಲ್ಲವೂ ಆ ಕಾಲದವಲ್ಲ.

ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಟಿಪ್ಪೂ ಸುಲ್ತಾನನು ಅಚ್ಚು ಹಾಕಿಸಿದ ಕಾಸಿನ ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪಾರಸಿ ಲಿಪಿಯ ಊರ ಹೆಸರು. ನಾಣ್ಯಗಳಿಗೆ ಅವನು ಗ್ರಹತಾರೆಗಳ ಹೆಸರಿಟ್ಟನು: ಪೈಸೆಗೆ ಜೊಹರಾ, ಎಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್, ಎಂದರೆ ಮಂಗಳ. ಮೌಲೂದಿ ವರ್ಷದ ಅಂಕಿಗಳನ್ನಂತೂ ಬಲದಿಂದ ಎಡಕ್ಕೆ ಓದಬೇಕು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲಿಯೂ ಆನೆ ಉಳಿಯಿತು. ಜೊತೆಗೆ ಕನ್ನಡದ 'ಶ್ರೀ' ಬಂದಿತು, ಮುಂದೆ ಇಂಗ್ಲಿಷ್ ಅಕ್ಷರಗಳೂ ಸೇರಿದವು. ಆದ್ದರಿಂದ ಆನೆಯನ್ನಲ್ಲ, ಅಕ್ಷರವನ್ನು ನೋಡಬೇಕು.

ಅಕ್ಷರದ ಬೆಲೆಯನ್ನು ತಿಳಿಯಲು ದೂರದ ಅಮೆರಿಕದ ಸಂಗತಿಯೊಂದಿದೆ. 1862ರಲ್ಲಿ, ಅಲ್ಲಿಯ ಅಂತರ್ಯುದ್ಧದ ನಡುವೆ, ಜನರು ನಾಣ್ಯಗಳನ್ನು ಬಚ್ಚಿಟ್ಟುದರಿಂದ ಪೇಟೆಯಲ್ಲಿ ಚಿಲ್ಲರೆ ಸಿಗದಾಯಿತು. ಆಗ ವರ್ತಕರು ತಮ್ಮ ಹೆಸರು, ಬೀದಿ, ಸರಕುಗಳನ್ನು ಅಚ್ಚೊತ್ತಿಸಿದ ಬಿಲ್ಲೆಗಳನ್ನೇ ಚಿಲ್ಲರೆಯಾಗಿ ಕೊಟ್ಟರು. ವ್ಯಾಪಾರವೂ ನಡೆಯಿತು, ಜಾಹೀರಾತೂ ಆಯಿತು! ಲಿಂಡನ್‌ಮ್ಯುಲ್ಲರ್ ಎಂಬ ನ್ಯೂಯಾರ್ಕಿನ ಪಾನಗೃಹದ ಒಡೆಯನು ಹತ್ತು ಲಕ್ಷ ಬಿಲ್ಲೆಗಳನ್ನು ಹೊರಡಿಸಿ, ರೈಲು ಕಂಪನಿಯೊಂದು ಅವನ್ನು ಹಿಂದಕ್ಕೆ ತಂದಾಗ ಹಣ ಕೊಡಲು ಒಪ್ಪಲಿಲ್ಲವಂತೆ. 1864ರಲ್ಲಿ ಸರ್ಕಾರವು ಇಂಥ ಬಿಲ್ಲೆಗಳನ್ನು ನಿಷೇಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿಯೂ 1889ರಲ್ಲಿ ಇಂಥದೇ ಕಾಯಿದೆ ಬಂದಿತು. ಮುಚ್ಚಿಹೋದ ಆ ಅಂಗಡಿಗಳ ಹೆಸರನ್ನು ಸಂಗ್ರಾಹಕರು ಇಂದಿಗೂ ಓದುತ್ತಿರುವುದು ಬಿಲ್ಲೆಯ ಮೇಲಿನ ಅಕ್ಷರ ಉಳಿದಿರುವುದರಿಂದ.

ನಾವೋ ಅಂಥ ಅಕ್ಷರವನ್ನು ಕೈಯಾರೆ ಅಳಿಸಿದವರು. ಬಾಲ್ಯದಲ್ಲಿ ಅಜ್ಜಿಯ ಕಾಸಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತಂಬಿಗೆಯಂತೆ ತಿಕ್ಕಿದೆವು. ಫಳಫಳ ಹೊಳೆಯಿತು, ಆದರೆ ಆನೆಯ ಸೊಂಡಿಲು ಸವೆಯಿತು, ಬರಹ ಮಾಯವಾಯಿತು. ಅದು ಯಾರ ಕಾಲದ್ದೆಂದು ಇಂದು ಹೇಳಲು ಬಾರದು. ಅಜ್ಜಿ ಬೈಯಲಿಲ್ಲ, ಮರಳಿ ಪೆಟ್ಟಿಗೆಯಲ್ಲಿಟ್ಟರು.

ತಾಯಂದಿರಲ್ಲಿ ನಮ್ಮ ವಿನಂತಿಯಿಷ್ಟೇ. ಹಬ್ಬಕ್ಕೆ ಪೂಜೆಯ ಪಾತ್ರೆ ಬೆಳಗುವಾಗ ಈ ಕಾಸುಗಳನ್ನು ಬೆಳಗದಿರಿ. ನಾಗಮಂಗಲದಂಥ ಲೋಹದ ಕೆಲಸದ ಊರಿಗೆ ತೂಕದ ಲೆಕ್ಕದಲ್ಲಿ ಹಳೆಯ ತಾಮ್ರ ಹಾಕುವ ಮುನ್ನ ಡಬ್ಬಿಯನ್ನೊಮ್ಮೆ ಸುರಿದು ನೋಡಿರಿ. ಕೋಟೆಯ ಬಳಿ ಪ್ರವಾಸಿಗರಿಗೆ ಮಾರುವ 'ಟಿಪ್ಪೂ ಕಾಸು'ಗಳಲ್ಲಿ ಹೊಸದಾಗಿ ಎರಕ ಹೊಯ್ದವೂ ಇರುವುದರಿಂದ ಮನೆಯದನ್ನು ಅವುಗಳೊಡನೆ ಬೆರೆಸದಿರಿ. ಹೊಲ ಉಳುವಾಗ ಗಡಿಗೆಯೇ ಸಿಕ್ಕಿದರೆ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಕಾಸನ್ನು ಒಣಗಿದ ಕಾಗದದಲ್ಲಿ ಸುತ್ತಿ, ಯಾರ ಮನೆಯಿಂದ, ಯಾವ ಊರಿನಿಂದ ಬಂದುದೆಂದು ಬರೆದಿಡಿರಿ.

ನಮ್ಮ ಪೆಟ್ಟಿಗೆಯ ಚೀಟಿಯಲ್ಲಿ ಹೀಗೆ ಬರೆದಿದ್ದೇವೆ: "ಅಜ್ಜಿಯದು. ಪಾಂಡವಪುರದ ತವರಿನಿಂದ ತಂದುದು. ತಿಕ್ಕಿದವರು ನಾವು."