ರೂಟರ್ ಪೆಟ್ಟಿಗೆಯ ಮೇಲೆ ಮೆಮೊರಿಯ ಲೆಕ್ಕವೂ ಇರಲಿ

ಸೊರಬ, ಆನವಟ್ಟಿ, ಶಿರಾಳಕೊಪ್ಪ, ಶಿಕಾರಿಪುರದ ಕಡೆ ಮನೆಯ ನೆಟ್ ಕೈಕೊಟ್ಟರೆ ಬೈಗುಳ ಮೊದಲು ಬೀಳುವುದು ಲೈನಿಗೆ. ಕಂಬದಿಂದ ಕಂಬಕ್ಕೆ, ತೋಟದ ಮರಗಳ ನಡುವೆ ಎಳೆದ ಫೈಬರ್ ಮಳೆಗಾಲದಲ್ಲಿ ಕೊಂಬೆ ಬಿದ್ದು ತುಂಡಾಗುವುದು ನಿಜವೇ. ಆದರೆ ಆಗ ಡಬ್ಬಿಯ ಮೇಲೆ ‘ಎಲ್‌ಒಎಸ್’ ಎಂಬ ಕೆಂಪು ದೀಪ ಹತ್ತುತ್ತದೆ. ಇನ್ನು ಎಷ್ಟೋ ಸಲ ಕೆಂಪು ದೀಪವಿಲ್ಲ, ವೈಫೈ ಗೆರೆಗಳು ಪೂರ್ತಿ ಇವೆ, ಆದರೂ ಏನೂ ತೆರೆಯುತ್ತಿಲ್ಲ. ಕೇಬಲ್‌ನವರಿಗೆ ಫೋನ್ ಮಾಡಿದರೆ ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್’ ಎನ್ನುತ್ತಾರೆ. ಮಾಡಿದರೆ ಸರಿಹೋಗುತ್ತದೆ, ಮರುದಿನ ಮತ್ತೆ ಅದೇ ಪಾಡು. ಇಂಥ ತೊಂದರೆಯ ಮೂಲ ಅನೇಕ ಸಲ ರೂಟರ್ ಒಳಗಿನ ಮೆಮೊರಿಯ ಕೊರತೆ. ಕೊಳ್ಳುವವರು ಕೇಳದ, ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಅಚ್ಚಾಗದ ಈ ಅಂಕಿಯೇ ಡಬ್ಬಿಯ ಆಯುಷ್ಯವನ್ನು ತೀರ್ಮಾನಿಸುತ್ತಿದೆ. ಅದು ಬಯಲಿಗೆ ಬರಬೇಕು.

ರೂಟರ್ ಎಂಬುದು ಒಂದು ಪುಟ್ಟ ಕಂಪ್ಯೂಟರ್. ಬಹುಪಾಲು ರೂಟರ್‌ಗಳು ನಡೆಯುವುದು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲೆ. ಅದರಲ್ಲಿ ಎರಡು ಬಗೆಯ ಮೆಮೊರಿ ಇರುತ್ತದೆ. ಡಬ್ಬಿಯನ್ನು ನಡೆಸುವ ತಂತ್ರಾಂಶ, ಅಂದರೆ ಫರ್ಮ್‌ವೇರ್, ಖಾಯಂ ಆಗಿ ಕೂರುವ ಫ್ಲ್ಯಾಶ್ ನಮ್ಮ ಮನೆಗಳ ಕಣಜವಿದ್ದಂತೆ. ಕರೆಂಟ್ ಇರುವಷ್ಟು ಹೊತ್ತು ಕೆಲಸ ನಡೆಯುವ ರ‍್ಯಾಮ್ ಅಡಿಕೆ ಹರವುವ ಅಂಗಳವಿದ್ದಂತೆ. ದೇಶದ ಉದ್ದಗಲಕ್ಕೂ ಮನೆಮನೆ ಸೇರಿದ ಟಿಪಿ-ಲಿಂಕ್‌ನ 740ಎನ್, 841ಎನ್ ಮಾದರಿಗಳಲ್ಲಿ ಬಹುತೇಕ ಆವೃತ್ತಿಗಳಿಗೆ ಫ್ಲ್ಯಾಶ್ 4 ಎಂಬಿ, ರ‍್ಯಾಮ್ 32 ಎಂಬಿ. ಇವತ್ತಿನ ಅಗ್ಗದ ಫೋನಿನಲ್ಲೂ ಇದರ ಅರವತ್ತು, ನೂರು ಪಟ್ಟು ರ‍್ಯಾಮ್ ಇರುತ್ತದೆ.

ಆ 32 ಎಂಬಿಯಲ್ಲಿ ದೊಡ್ಡ ಪಾಲನ್ನು ಲಿನಕ್ಸ್ ಕರ್ನಲ್ ಮತ್ತು ವೈಫೈ ಡ್ರೈವರ್ ಮೊದಲೇ ಹಿಡಿದುಕೊಳ್ಳುತ್ತವೆ. ಉಳಿದ ಜಾಗದಲ್ಲಿ ಮನೆಯ ಅಷ್ಟೂ ಸಾಧನಗಳ ಲೆಕ್ಕ ಇಡಬೇಕು. ಹತ್ತು ವರ್ಷದ ಹಿಂದೆ ಒಂದು ಕಂಪ್ಯೂಟರ್, ಒಂದು ಫೋನ್ ಇದ್ದ ಮನೆಯಲ್ಲಿ ಈಗ ತಲೆಗೊಂದು ಫೋನ್, ಸ್ಮಾರ್ಟ್ ಟಿವಿ, ಅಂಗಳದಲ್ಲಿ ಒಣಗುವ ಅಡಿಕೆಗೆ ಕಾವಲಾಗಿ ಸಿಸಿ ಕ್ಯಾಮೆರಾ. ಪ್ರತಿ ಆ್ಯಪ್ ಹತ್ತಾರು ಸಂಪರ್ಕಗಳನ್ನು ತೆರೆಯುತ್ತದೆ. ಒಳಗಿನ ಯಾವ ಸಾಧನ ಹೊರಗಿನ ಯಾವ ವಿಳಾಸದೊಡನೆ ಮಾತಾಡುತ್ತಿದೆ ಎಂಬುದನ್ನು ರೂಟರ್ ಒಂದೊಂದಾಗಿ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಸುಮ್ಮನೆ ಬಿದ್ದಿರುವ ಟಿಸಿಪಿ ಸಂಪರ್ಕದ ನಮೂದನ್ನು ಲಿನಕ್ಸ್‌ನ ಮೂಲ ಸೆಟ್ಟಿಂಗ್ 5 ದಿನ ಹಾಗೇ ಇಟ್ಟುಕೊಳ್ಳುತ್ತದೆ! ಪಟ್ಟಿ ತುಂಬಿದರೆ ಹೊಸ ಸಂಪರ್ಕಕ್ಕೆ ಜಾಗವಿಲ್ಲ. ರ‍್ಯಾಮ್ ತುಂಬಿದರಂತೂ ಕರ್ನಲ್ ಯಾವುದಾದರೊಂದು ಕೆಲಸವನ್ನು ಬಲವಂತವಾಗಿ ನಿಲ್ಲಿಸುತ್ತದೆ, ಇಲ್ಲವೇ ಡಬ್ಬಿಯೇ ತಾನಾಗಿ ರೀಬೂಟ್ ಆಗುತ್ತದೆ. ಆಫ್ ಮಾಡಿ ಆನ್ ಮಾಡಿದಾಗ ಸರಿಹೋಗುವುದು ಈ ಪಟ್ಟಿ ಅಳಿಸಿಹೋಗುವುದರಿಂದ.

ಕಸ್ಟಮ್ ಫರ್ಮ್‌ವೇರ್ ಉಪಯೋಗಕ್ಕೆ ಬರುವುದು ಇಲ್ಲೇ. ಕಂಪನಿ ತುಂಬಿ ಕಳಿಸಿದ ತಂತ್ರಾಂಶವನ್ನು ತೆಗೆದು, ಸ್ವತಂತ್ರ ತಂತ್ರಜ್ಞರ ಸಮುದಾಯ ಬೆಳೆಸಿದ ಓಪನ್‌ವರ್ಟ್‌ನಂಥದ್ದನ್ನು ಹಾಕಿದರೆ ಅದೇ ಡಬ್ಬಿ ಬೇರೆಯೇ ಬಗೆಯಲ್ಲಿ ನಡೆಯುತ್ತದೆ. ಮೇಲಿನ 5 ದಿನದ ಅವಧಿಯನ್ನು ಓಪನ್‌ವರ್ಟ್ 7,440 ಸೆಕೆಂಡಿಗೆ, ಅಂದರೆ ಎರಡು ಗಂಟೆ ನಾಲ್ಕು ನಿಮಿಷಕ್ಕೆ ಇಳಿಸಿದೆ. ಒಬ್ಬರು ವಿಡಿಯೊ ಅಪ್‌ಲೋಡ್ ಮಾಡುವಾಗ ಇನ್ನೊಬ್ಬರ ಕರೆ ತುಂಡಾಗದಂತೆ ಸರದಿಯನ್ನು ಹಂಚುವ ವ್ಯವಸ್ಥೆಯೂ ಅದರಲ್ಲಿದೆ. ಎಲ್ಲಕ್ಕಿಂತ ದೊಡ್ಡದು ಭದ್ರತೆಯ ತೇಪೆಗಳು. 2017ರ ಅಕ್ಟೋಬರ್ 16ರಂದು ವೈಫೈನ ಡಬ್ಲ್ಯುಪಿಎ2 ಬೀಗದಲ್ಲಿ ‘ಕ್ರ್ಯಾಕ್’ ಎಂಬ ದೋಷ ಬಯಲಾದಾಗ, ಓಪನ್‌ವರ್ಟ್‌ನಿಂದ ಕವಲೊಡೆದಿದ್ದ ಲೀಡ್ ತಂಡ ಒಂದು ವಾರದೊಳಗೆ ತಿದ್ದಿದ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅಂಗಡಿಯಲ್ಲಿ ಕೊಂಡ ಎಷ್ಟೋ ಅಗ್ಗದ ರೂಟರ್‌ಗಳಿಗೆ ಆ ತಿದ್ದುಪಡಿ ಕೊನೆಗೂ ಬರಲಿಲ್ಲ.

ಕಸ್ಟಮ್ ಫರ್ಮ್‌ವೇರ್‌ನ ಈ ಚಳವಳಿ ಹುಟ್ಟಿದ್ದು ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೂಟರ್‌ನಿಂದ. 2002ರ ಕೊನೆಗೆ ಮಾರುಕಟ್ಟೆಗೆ ಬಂದ ಅದರೊಳಗೆ ಲಿನಕ್ಸ್ ಇದೆ ಎಂಬುದು ಪತ್ತೆಯಾಯಿತು. ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಪ್ರಕಾರ 2003ರಲ್ಲಿ ಕಂಪನಿ ಮೂಲಸಂಕೇತವನ್ನು ಹೊರಗಿಡಬೇಕಾಯಿತು. 2004ರಲ್ಲಿ ಓಪನ್‌ವರ್ಟ್ ಆರಂಭವಾಯಿತು. ಹೆಸರಿನಲ್ಲಿ ಆ ರೂಟರ್‌ನ ಗುರುತು ಇವತ್ತಿಗೂ ಉಳಿದಿದೆ. ಮರುವರ್ಷವೇ ಐದನೇ ಆವೃತ್ತಿಯಲ್ಲಿ ಕಂಪನಿ ಫ್ಲ್ಯಾಶನ್ನು 4ರಿಂದ 2 ಎಂಬಿಗೂ, ರ‍್ಯಾಮನ್ನು 16ರಿಂದ 8 ಎಂಬಿಗೂ ಇಳಿಸಿ, ಲಿನಕ್ಸ್ ಬಿಟ್ಟು ಬೇರೆ ವ್ಯವಸ್ಥೆಗೆ ಹೋಯಿತು. ಹೊರಗಿನ ಹೆಸರು ಅದೇ, ನೀಲಿ-ಕಪ್ಪು ಮೈಯೂ ಅದೇ, ಒಳಗೆ ಅರ್ಧ ಮೆಮೊರಿ. ಬಳಕೆದಾರರು ಬಿಡಲಿಲ್ಲ, ಕಂಪನಿ ಹಳೆಯ ಮೆಮೊರಿಯನ್ನೇ ಇಟ್ಟು ‘ಜಿಎಲ್’ ಎಂಬ ಇನ್ನೊಂದು ಮಾದರಿಯನ್ನು ಹೊರತಂದಿತು. ಕೇಳುವವರಿದ್ದರೆ ತಯಾರಕರು ಬಗ್ಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಸಮುದಾಯದ ತಂತ್ರಾಂಶಕ್ಕೂ ಒಂದು ಮಿತಿಯಿದೆ. ಕರ್ನಲ್ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್‌ನ ಸಾಧನಗಳಿಗೆ ಓಪನ್‌ವರ್ಟ್‌ನ 19.07 ಸರಣಿಯೇ ಕೊನೆ. ಆ ಸರಣಿಗೆ ತೇಪೆಗಳು 2022ರಲ್ಲಿ ನಿಂತವು. ಈಗ ಕನಿಷ್ಠ 8 ಮತ್ತು 64 ಎಂಬಿ ಬೇಕು. 16 ಮತ್ತು 128 ಇದ್ದರೆ ನೆಮ್ಮದಿ. ಆ್ಯಂಟೆನಾ ಗಟ್ಟಿಯಾಗಿದೆ, ಅಡಾಪ್ಟರ್ ಚೆನ್ನಾಗಿದೆ, ಪೋರ್ಟ್‌ಗಳು ಕೆಲಸ ಮಾಡುತ್ತವೆ. ಆದರೂ ಅಂಥ ರೂಟರ್ ಅಟ್ಟ ಸೇರುತ್ತದೆ, ಅಲ್ಲಿಂದ ಗುಜರಿಗೆ. ಮಲೆನಾಡಿನ ಸಿಡಿಲಿಗೆ ಸುಟ್ಟ ಮೋಡೆಮ್ ಬಗ್ಗೆ ಸಂಕಟಪಡುವುದರಲ್ಲಿ ಅರ್ಥವಿದೆ, ಅದನ್ನು ತಡೆಯುವುದು ಕಷ್ಟ. ಕಾರ್ಖಾನೆಯಲ್ಲಿ ಉಳಿಸಿದ ಕೆಲವೇ ರೂಪಾಯಿಗಾಗಿ ಗಟ್ಟಿಮುಟ್ಟಾದ ಯಂತ್ರ ಅಕಾಲದಲ್ಲಿ ಕಸವಾಗುವುದನ್ನು ಮಾತ್ರ ಒಪ್ಪಲಾಗದು.

ಇದಕ್ಕೆ ಊರಲ್ಲೇ ಇರುವ ಒಂದು ಪರಿಹಾರದ ಕಡೆಗೆ ಯಾರೂ ಕಣ್ಣು ಹಾಯಿಸಿಲ್ಲ. 841ಎನ್‌ನ ಫ್ಲ್ಯಾಶ್ ಎಂಟು ಕಾಲಿನ ಒಂದು ಚಿಕ್ಕ ಚಿಪ್. ಅದನ್ನು ಬಿಚ್ಚಿ 16 ಎಂಬಿಯದನ್ನು ಕೂರಿಸಬಹುದು, ರ‍್ಯಾಮ್ ಚಿಪ್ಪನ್ನು 64 ಎಂಬಿಗೆ ಬದಲಿಸಬಹುದು. ಬೇರೆ ದೇಶಗಳ ಹವ್ಯಾಸಿಗಳು ವರ್ಷಗಳಿಂದ ಇದನ್ನು ಮಾಡುತ್ತಿದ್ದಾರೆ. ಫೋನಿನ ಬೋರ್ಡಿನ ಮೇಲೆ ಬಿಸಿಗಾಳಿ ಗನ್ ಹಿಡಿಯುವ ಮೊಬೈಲ್ ರಿಪೇರಿಯ ಹುಡುಗರಿಗೆ ಇದು ಅದಕ್ಕಿಂತ ಸುಲಭದ ಕೆಲಸ. ಐಟಿಐ ಎಲೆಕ್ಟ್ರಾನಿಕ್ಸ್ ತರಗತಿಗಳಲ್ಲಿ ಇದನ್ನು ಕಲಿಸಬೇಕು. ಎಚ್ಚರಿಕೆಯೂ ಬೇಕು: ಫರ್ಮ್‌ವೇರ್ ಬರೆಯುವ ನಡುವೆ ಕರೆಂಟ್ ಹೋದರೆ ಡಬ್ಬಿ ಏಳದೇ ಹೋಗಬಹುದು. ಮಳೆಗಾಲದ ನಮ್ಮ ವಿದ್ಯುತ್ತನ್ನು ನಂಬಿ ಯಾರೂ ಯುಪಿಎಸ್ ಇಲ್ಲದೆ ಆ ಸಾಹಸಕ್ಕೆ ಇಳಿಯಬಾರದು.

ಫೈಬರ್ ಜೊತೆ ಬರುವ ಒಎನ್‌ಟಿ ಪೆಟ್ಟಿಗೆಯ ವಿಷಯ ಬೇರೆ. ಅದರ ಚಿಪ್‌ಗಳ ಡ್ರೈವರ್ ಮೂಲವನ್ನು ತಯಾರಕರು ಬಿಟ್ಟುಕೊಡದ ಕಾರಣ ಬಹುಪಾಲು ಒಎನ್‌ಟಿಗಳ ಮೇಲೆ ಓಪನ್‌ವರ್ಟ್ ನಡೆಯುವುದಿಲ್ಲ. ಅದನ್ನು ಬ್ರಿಡ್ಜ್ ಮೋಡ್‌ನಲ್ಲಿ, ಅಂದರೆ ಸಂಕೇತವನ್ನು ಸುಮ್ಮನೆ ದಾಟಿಸುವಂತೆ, ಹಾಕಿಸಿಕೊಂಡು, ಹಿಂದೆ ಒಳ್ಳೆಯ ಮೆಮೊರಿಯ ಸ್ವಂತ ರೂಟರ್ ಇಟ್ಟುಕೊಳ್ಳುವುದು ಸದ್ಯದ ದಾರಿ. ಕೇಳಿದರೆ ಮಾಡಿಕೊಡುವುದು ಸೇವೆ ಕೊಡುವವರ ಕರ್ತವ್ಯವಾಗಬೇಕು. ಯಾವ ಪೆಟ್ಟಿಗೆ ಇಟ್ಟುಕೊಳ್ಳಬೇಕೆಂಬ ಆಯ್ಕೆ ಗ್ರಾಹಕರದ್ದೇ ಎಂದು ಜರ್ಮನಿ 2016ರ ಆಗಸ್ಟ್ 1ರಿಂದ ಕಾನೂನನ್ನೇ ಜಾರಿಗೆ ತಂದಿದೆ.

ಇದು ಬರೀ ವೇಗದ ಪ್ರಶ್ನೆಯೂ ಅಲ್ಲ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ ಸಾವಿರಾರು ಮೋಡೆಮ್‌ಗಳು ದಾಳಿಗೆ ಸಿಕ್ಕವು. ‘ಅಡ್ಮಿನ್’ ಎಂಬ ಮೂಲ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಇಂಥ ಪಾಸ್‌ವರ್ಡ್‌ಗಳನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ನಿಷೇಧಿಸಿದೆ. ಭದ್ರತೆಯ ಅಪ್‌ಡೇಟ್ ಎಷ್ಟು ಕಾಲ ಕೊಡುತ್ತೇವೆಂದು ತಯಾರಕರು ಮೊದಲೇ ಹೇಳಬೇಕೆಂದು ವಿಧಿಸಿದೆ. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಪೋರ್ಟಲ್ ತೆರೆದದ್ದು 2022ರಲ್ಲಿ. ಸಾಧನ ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂಬುದಕ್ಕೆ ಅಂಕ ಕೊಡುವ ಸೂಚ್ಯಂಕದ ಬಗ್ಗೆ ಸಮಿತಿಯ ವರದಿಯೂ 2025ರಲ್ಲಿ ಬಂದಿದೆ. ಆದರೆ ಅದರ ಮೊದಲ ಹೆಜ್ಜೆ ಫೋನ್ ಮತ್ತು ಟ್ಯಾಬ್‌ಗಳಿಗೆ ಮೀಸಲು. ರೂಟರ್‌ಗಳೂ ಅದರೊಳಗೆ ಬರಬೇಕು. ಫ್ಲ್ಯಾಶ್ ಎಷ್ಟು, ರ‍್ಯಾಮ್ ಎಷ್ಟು, ಅಪ್‌ಡೇಟ್ ಯಾವ ವರ್ಷದವರೆಗೆ ಎಂಬ ಮೂರು ಅಂಕಿ ಪೆಟ್ಟಿಗೆಯ ಮೇಲೆ ಎಂಆರ್‌ಪಿಯ ಪಕ್ಕದಲ್ಲೇ ಅಚ್ಚಾಗಲಿ. ಟೆಲಿಕಾಂ ಉಪಕರಣಗಳ ಭದ್ರತಾ ನಿಯಮ ರೂಪಿಸುವ ಎನ್‌ಸಿಸಿಎಸ್ ಕೇಂದ್ರ ಬೆಂಗಳೂರಿನಲ್ಲೇ ಇದೆ. ನಮ್ಮ ರಾಜ್ಯದವರು ಈ ಬೇಡಿಕೆ ಇಡಲು ದೆಹಲಿಯ ತನಕ ಕಾಯಬೇಕಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಗ್ರಾಹಕ ಸರ್ಕಾರವೇ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿಯಾದ ಭಾರತ್‌ನೆಟ್ ಯೋಜನೆಯ ಮೊತ್ತ ₹1,39,579 ಕೋಟಿ. ಐದು ವರ್ಷದಲ್ಲಿ ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಫೈಬರ್ ಕೊಡುವುದು ಗುರಿ. ಅಂದರೆ ಒಂದೂವರೆ ಕೋಟಿ ಪೆಟ್ಟಿಗೆ. ಚಂದ್ರಗುತ್ತಿ, ತಾಳಗುಂದದಂಥ ಊರುಗಳ ಮನೆಗಳಿಗೆ ಬರುವ ಆ ಪೆಟ್ಟಿಗೆಯಲ್ಲಿ ರ‍್ಯಾಮ್ 128 ಎಂಬಿಗಿಂತ ಕಡಿಮೆ ಇರಕೂಡದು, ಕಂಪನಿ ಅಪ್‌ಡೇಟ್ ನಿಲ್ಲಿಸಿದ ದಿನ ಬೇರೆ ಫರ್ಮ್‌ವೇರ್ ಹಾಕಲು ಬೀಗ ತೆರೆದುಕೊಡಬೇಕು ಎಂದು ಟೆಂಡರ್‌ನಲ್ಲಿ ಎರಡು ಸಾಲು ಸೇರಿಸಲು ಹೊಸ ಕಾನೂನು ಬೇಕಿಲ್ಲ. ನಮ್ಮ ಜಿಲ್ಲೆಯ ಸಂಸದರೂ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಶಾಸಕರೂ ಈ ಎರಡು ಸಾಲನ್ನು ದೂರಸಂಪರ್ಕ ಇಲಾಖೆಗೆ ಬರೆದು ಕೇಳಲಿ.