ಹೊರಗು ಯಾವುದು?

ಈಚೆಗೆ ಹಲಸೂರಿನಲ್ಲಿ ಸಹೃದಯರ ಸಣ್ಣದೊಂದು ಗೋಷ್ಠಿ ನಡೆಯಿತು. ಅರವಾಣಿ ಆರ್ಟ್ ಪ್ರಾಜೆಕ್ಟ್‌ನವರ ಭಿತ್ತಿಚಿತ್ರಗಳ ಪ್ರಸ್ತಾಪ ಬಂದಾಗ ವಿದ್ವಾಂಸರೊಬ್ಬರು, ‘ಅವು ಬರಿಯ ಬಣ್ಣ, ಕಲೆಯ ಹೊರಗಿನ ವಸ್ತು’ ಎಂದು ತೀರ್ಪಿತ್ತರು. ಪಕ್ಕದಲ್ಲಿದ್ದ ತರುಣ ಚಿತ್ರಕಾರನು, ‘ನಾನೂ ಹೊರಗಿನವನೇ, ಆದಕಾರಣ ನಿಮ್ಮ ಅಳತೆಗೋಲು ನನಗೆ ಸಲ್ಲದು’ ಎಂದು ಹೆಮ್ಮೆಪಟ್ಟನು. ಇಬ್ಬರ ಮಾತೂ ಒಪ್ಪತಕ್ಕುದಲ್ಲವೆಂದು ನನ್ನ ಮತ.

ಮೊದಲು ವಿದ್ವಾಂಸರ ಮಾತು. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ರೇಖೆಯ ಮೆಚ್ಚುಗೆಯನ್ನು ಆಚಾರ್ಯರಿಗೂ ವರ್ಣವೈಭವದ ಮೆಚ್ಚುಗೆಯನ್ನು ‘ಇತರ’ ಜನರಿಗೂ ಹಂಚಿರುವುದು ನಿಜ. ಅವರು ಇದನ್ನೇ ಆಧಾರವಾಗಿ ಹಿಡಿದರು. ಆದರೆ ಅಲ್ಲಿ ಹೇಳಿರುವುದು ಯಾರು ಏನನ್ನು ಮೆಚ್ಚುವರೆಂಬುದನ್ನೇ ಹೊರತು ಬಣ್ಣ ಹೀನವೆಂಬುದನ್ನಲ್ಲ. ಗೋಡೆಯನ್ನು ಚಿತ್ರಕ್ಕೆ ಅಣಿಮಾಡುವ ವಿಧಾನವನ್ನೂ ಅದೇ ಗ್ರಂಥ ವಿಸ್ತಾರವಾಗಿ ಬೋಧಿಸುತ್ತದೆ. ಭರತನಂತೂ ಶೃಂಗಾರಕ್ಕೆ ಶ್ಯಾಮ, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ ಎಂದು ಒಂದೊಂದು ರಸಕ್ಕೂ ಒಂದೊಂದು ಬಣ್ಣವನ್ನು ವಿಧಿಸಿದನು. ಸೋಮೇಶ್ವರನ ಜಾತ್ರೆಯ ಹೂವಿನ ಪಲ್ಲಕ್ಕಿಯನ್ನೂ ಶಿವಾಜಿನಗರದಲ್ಲಿ ಸೀರೆಯುಟ್ಟು ತೇರೇರುವ ಮೇರಿಯಮ್ಮನನ್ನೂ ನೋಡಿ ಬೆಳೆದ ನಮಗೆ ಢಾಳಾದ ಬಣ್ಣ ಪರಕೀಯವಾದುದು ಯಾವಾಗ?

ಇನ್ನು ತರುಣನ ವಿಚಾರ. ‘ಔಟ್‌ಸೈಡರ್ ಆರ್ಟ್’ ಎಂಬ ಹೆಸರು 1972ರಲ್ಲಿ ರೋಜರ್ ಕಾರ್ಡಿನಲ್ ಎಂಬುವರ ಪುಸ್ತಕದಿಂದ ಬಳಕೆಗೆ ಬಂದಿತು. ಅದಕ್ಕೂ ಹಿಂದೆ, 1945ರಲ್ಲಿ, ಫ್ರಾನ್ಸಿನ ದ್ಯುಬುಫೆ ಎಂಬ ಚಿತ್ರಕಾರನು ಹುಚ್ಚಾಸ್ಪತ್ರೆಗಳಲ್ಲಿದ್ದವರು ಬರೆದ ಚಿತ್ರಗಳನ್ನು ಹುಡುಕುತ್ತ ಹೊರಟಿದ್ದನು. ಅವರಾರೂ ತಮಗೆ ತಾವೇ ಆ ಬಿರುದನ್ನು ಕಟ್ಟಿಕೊಂಡವರಲ್ಲ. ಇಂದಿನ ತರುಣನಿಗಾದರೋ ಅದು ಮುದ್ರೆಯೊತ್ತಿದ ವಿಳಾಸಪತ್ರ. ಕೈ ಸೋತಲ್ಲಿ ‘ನಾನು ಹೊರಗಿನವನು’, ಬೆಲೆ ಹೇಳುವಲ್ಲಿಯೂ ‘ನಾನು ಹೊರಗಿನವನು’! ವಿಮರ್ಶೆಯಿಂದ ತಪ್ಪಿಸಿಕೊಳ್ಳಲು ಇದಕ್ಕಿಂತ ಸುಲಭವಾದ ಕಿಂಡಿಯನ್ನು ನಾನು ಕಂಡಿಲ್ಲ.

ನಿಜವಾಗಿ ಹೊರಗಿಡಲ್ಪಟ್ಟವರು ಬೇರೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಇಂಥವರ ಹೆಸರುಗಳನ್ನು ಪಟ್ಟಿಯಲ್ಲಿ ಬರೆಯಿಸಿತು. ಪರರಾಜರ ಕಾಲ ಹಾಗಿತ್ತೆನ್ನೋಣವೆಂದರೆ, 2011ರಲ್ಲಿ ನಮ್ಮ ಕರ್ನಾಟಕದ ಪೊಲೀಸ್ ಕಾಯಿದೆಗೇ 36ಎ ಎಂಬ ಕಲಮನ್ನು ಸೇರಿಸಿ ಅವರನ್ನು ಹದ್ದಿನಲ್ಲಿಡುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಯಿತು. ಸುಪ್ರೀಂ ಕೋರ್ಟು ಅವರನ್ನು ತೃತೀಯಲಿಂಗಿಗಳೆಂದು ಮನ್ನಿಸಿದುದು 2014ರಲ್ಲಿ. ಎರಡು ವರ್ಷಗಳ ತರುವಾಯ, 2016ರಲ್ಲಿ, ಬೆಂಗಳೂರಿನ ಪೂರ್ಣಿಮಾ ಸುಕುಮಾರ್ ಅವರು ಮಂಗಳಮುಖಿಯರನ್ನೂ ಇತರ ಸ್ತ್ರೀಯರನ್ನೂ ಕೂಡಿಸಿ ಈ ಮಂಡಳಿಯನ್ನು ಆರಂಭಿಸಿದರು. ತಮ್ಮನ್ನು ಕಂಡರೆ ಜನ ಮುಖ ತಿರುಗಿಸುತ್ತಿದ್ದ ಬೀದಿಗಳಲ್ಲಿಯೇ ಅವರು ಆಳೆತ್ತರವನ್ನು ಮೀರಿದ ಮುಖಗಳನ್ನು ಬರೆದರು. 2024ರ ವೆನಿಸ್ ಬಿಯೆನಾಲೆಯಲ್ಲಿಯೂ ಅವರ ಭಿತ್ತಿಚಿತ್ರವಿದ್ದಿತು. ಆ ವರ್ಷದ ಪ್ರದರ್ಶನಕ್ಕಿದ್ದ ಹೆಸರನ್ನು ಕನ್ನಡಿಸಿದರೆ ‘ಎಲ್ಲೆಲ್ಲಿಯೂ ಪರದೇಶಿಗಳು’ ಎಂದಾಗುತ್ತದೆ. ನಮ್ಮಲ್ಲಿ ಪರದೇಶಿಯೆಂದರೆ ದಿಕ್ಕಿಲ್ಲದವನೆಂದೂ ಅರ್ಥವುಂಟಷ್ಟೆ.

ಅವರ ಚಿತ್ರಗಳೆಲ್ಲವೂ ಉತ್ತಮವೆಂದು ನಾನು ಹೇಳಲಾರೆ. ಕೆಲವೆಡೆ ಹೂವು ಎಲೆಗಳು ಒಂದೇ ಅಚ್ಚಿನಿಂದಿಳಿದಂತಿವೆ. ಆದರೆ ಆ ಮುಖಗಳ ಕಣ್ಣಿನ ಗೆರೆ ದಿಟ್ಟವಾದುದು; ಆಚಾರ್ಯರೂ ಮೆಚ್ಚತಕ್ಕುದು. ಹೀಗೆ ಗುಣದೋಷಗಳನ್ನು ಎಣಿಸುವುದೇ ಅವರಿಗೆ ಸಲ್ಲುವ ಮರ್ಯಾದೆ.

ದಂಡಿನವರಾದ ನಾವು ಹೊರಗು ಒಳಗುಗಳ ಮಾತನಾಡುವುದೂ ಒಂದು ವಿನೋದವೇ ಸರಿ. 1809ರಲ್ಲಿ ಕಟ್ಟಿದ ಈ ಕಂಟೋನ್ಮೆಂಟು 1881ರಲ್ಲಿ ಮೈಸೂರು ಸಂಸ್ಥಾನ ಅರಸರಿಗೆ ಮರಳಿದಾಗಲೂ ಬ್ರಿಟಿಷರ ಕೈಯಲ್ಲಿಯೇ ಉಳಿದಿತ್ತು. ಪೇಟೆಯೊಡನೆ ಒಂದೇ ಕಾರ್ಪೊರೇಷನ್ನಿಗೆ ಸೇರಿದುದು 1949ರಲ್ಲಿ. ಅಲ್ಲಿಯವರೆಗೆ ಪೇಟೆಯವರ ಕಣ್ಣಿಗೆ ಹೊರಗಿನವರು ಯಾರು?

ನನ್ನದೊಂದು ತಪ್ಪನ್ನೂ ಹೇಳಿಬಿಡುವೆನು. ‘ಅರವಾಣಿ’ ಎಂಬ ಹೆಸರು ಅರ್ಜುನನ ಮಗನಾದ ಇರಾವಂತನಿಂದ ಬಂದುದು. ಅವನನ್ನು ತಮಿಳುನಾಡಿನ ಕೂವಾಗಂನಲ್ಲಿ ಪೂಜಿಸುವರು. ಆ ಅರ್ಜುನನೇ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದ ಕಥೆಯನ್ನು ಎಷ್ಟೋ ವರ್ಷ ಹುಡುಗರಿಗೆ ರಾಗವಾಗಿ ಪಾಠ ಹೇಳಿದವನು ನಾನು. ಸಂಜೆ ಬೀದಿಯಲ್ಲಿ ಚಪ್ಪಾಳೆಯ ಸದ್ದು ಕೇಳಿದೊಡನೆ ಎದ್ದು ಬಾಗಿಲಿಗೆ ಅಗುಳಿ ಹಾಕುತ್ತಿದ್ದವನೂ ನಾನೇ.

ನಮ್ಮ ವಾಚನಾಲಯದ ಪಡುವಣ ಗೋಡೆಗೆ ಈ ವರ್ಷ ಸುಣ್ಣ ಬಳಿಯಿಸಬೇಕೆಂದು ನಿಶ್ಚಯವಾಗಿದೆ. ಸುಣ್ಣದ ಹಣವನ್ನು ಬಣ್ಣಕ್ಕೆ ಕೊಟ್ಟು ಆ ಮಂಡಳಿಯವರನ್ನು ಕರೆಯಿಸಬೇಕೆಂದು ಮುಂದಿನ ಸಭೆಯಲ್ಲಿ ಸೂಚಿಸುವವನಿದ್ದೇನೆ. ವಿದ್ವಾಂಸರು ವಿರೋಧಿಸುವರು. ತರುಣನೂ ಬರಲಿ, ಅವನ ಗೆರೆಯನ್ನೂ ನೋಡೋಣ.