ತೂಕ ಸರಿ, ಹೊಟ್ಟೆ?

2004ರಲ್ಲಿ ‘ಲ್ಯಾನ್ಸೆಟ್’ ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಭಾವಚಿತ್ರ ಅಕ್ಕಪಕ್ಕದಲ್ಲಿ ಅಚ್ಚಾಯಿತು. ಒಬ್ಬರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯಲ್ಲಿನ ಕೊಬ್ಬನ್ನು ಅಳೆದಾಗ ಯಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2!

ತಕ್ಕಡಿಗೆ ಕಾಣದ ಈ ವ್ಯತ್ಯಾಸ ನಮ್ಮಲ್ಲಿ ಅಪರೂಪವೇನಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದಪ್ಪ. ನಲವತ್ತು ದಾಟಿದವರಿಗೆ ಹೊಟ್ಟೆ ಬಂದರೆ ‘ಅನುಕೂಲಸ್ಥರು’ ಎನ್ನುವ ವಾಡಿಕೆ ಬೇರೆ.

ತೊಡೆ, ಪೃಷ್ಠಗಳ ಚರ್ಮದಡಿ ಸೇರುವ ಕೊಬ್ಬು ಅಷ್ಟಾಗಿ ಉಪದ್ರವ ಕೊಡುವುದಿಲ್ಲ. ಫ್ರಾನ್ಸಿನ ಜೀನ್ ವಾಗ್ 1947ರಲ್ಲೇ ಈ ಭೇದವನ್ನು ಗುರುತಿಸಿದ್ದರು. ಕರುಳಿನ ಸುತ್ತ ತುಂಬುವ ಕೊಬ್ಬಿನ ಸ್ವಭಾವವೇ ಬೇರೆ. ಅದು ಸದಾ ಕೊಬ್ಬಿನಾಮ್ಲಗಳನ್ನು ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಸುರಿಯುತ್ತಿರುತ್ತದೆ. ಯಕೃತ್ತಿನಲ್ಲೂ ಕೊಬ್ಬು ಕೂಡುತ್ತದೆ, ಇನ್ಸುಲಿನ್ ಹೇಳಿದ ಮಾತನ್ನು ಅದು ಕೇಳದಾಗುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸ್ರವಿಸಿ ಸ್ವಲ್ಪ ಕಾಲ ನಿಭಾಯಿಸುತ್ತದೆ. ಅದೂ ಸೋತಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಜೊತೆಗೆ ಟ್ರೈಗ್ಲಿಸರೈಡ್ ಮತ್ತು ರಕ್ತದೊತ್ತಡ ಹೆಚ್ಚುತ್ತವೆ, ಒಳ್ಳೆಯ ಕೊಲೆಸ್ಟರಾಲ್ ತಗ್ಗುತ್ತದೆ. ಇವು ಯಾವುವೂ ನೋವು ಕೊಡುವುದಿಲ್ಲವಾದ್ದರಿಂದ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನವು ಹೃದಯಾಘಾತದ ಸುಳಿವಿಗೆ ಬಿಎಂಐಗಿಂತ ಸೊಂಟ ಮತ್ತು ಪೃಷ್ಠಗಳ ಸುತ್ತಳತೆಯ ಅನುಪಾತವೇ ಮೇಲೆಂದು 2005ರಲ್ಲಿ ತೋರಿಸಿತು. ಅದರ ಮುಂದಾಳು ಡಾ. ಸಲೀಂ ಯೂಸುಫ್ ಎಂ.ಬಿ.ಬಿ.ಎಸ್. ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ.

ಜೀವಶಾಸ್ತ್ರ ಓದುವ ಮಕ್ಕಳು ರಜೆಯಲ್ಲಿ ಈ ಅಳತೆಯನ್ನು ಅಪ್ಪ, ಅಮ್ಮನ ಮೇಲೆ ಮಾಡಿ ನೋಡಬಹುದು. ಬೇಕಾದದ್ದು ದರ್ಜಿಯ ಟೇಪು ಮಾತ್ರ. ಪ್ಯಾಂಟಿನ ಸೈಜನ್ನು ನಂಬುವಂತಿಲ್ಲ. ಬೆಲ್ಟು ಹೊಟ್ಟೆಯ ಕೆಳಗೆ ಜಾರಿ ಕುಳಿತಿರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಬೇಕು. ಹೊಟ್ಟೆ ಒಳಗೆಳೆದುಕೊಳ್ಳಲು ಅಪ್ಪನಿಗೆ ಬಿಡಬಾರದು! ದಕ್ಷಿಣ ಏಷ್ಯಾದವರಿಗೆ ಹೇಳಿರುವ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಅದನ್ನು ಮುಟ್ಟಿದ್ದರೆ ಬರಿಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್, ರಕ್ತದೊತ್ತಡ ತೋರಿಸಿಕೊಳ್ಳುವುದು ಕ್ಷೇಮ.

ಜಾಹೀರಾತಿನ ಬೆಲ್ಟುಗಳಿಂದ ಈ ಕೊಬ್ಬು ಕರಗದು. ದಿನವೂ ಬಿರುಸಾಗಿ ನಡೆದು, ಕರಿದ ತಿಂಡಿ, ಸಿಹಿ ಕಡಿಮೆ ಮಾಡಿದರೆ ಕರಗುತ್ತದೆ. ತಕ್ಕಡಿಯ ಮುಳ್ಳು ಅಲುಗದಿದ್ದರೂ ಟೇಪಿನಲ್ಲಿ ಒಂದೆರಡು ಸೆಂಟಿಮೀಟರ್ ಇಳಿಯುವುದುಂಟು.